ಗುಳಿಗೆಯ ಅರ್ಥ

ನಾಸಿಕ್‌ನ ಟ್ರಂಕ್ ಕಾಲ್ ಬೋರ್ಡಿನ ಮುಂದೆ ಕೂರುತ್ತಿದ್ದ ಆಪರೇಟರುಗಳಲ್ಲಿ ಕನ್ನಡ ಬಲ್ಲವನು ವೈಜನಾಥ ಒಬ್ಬನೇ. ಬೀದರ ಜಿಲ್ಲೆಯ ಭಾಲ್ಕಿಯವನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಬಜಾರಿನಲ್ಲಿ ಮರಾಠಿ ಆಡುತ್ತ ಬೆಳೆದಿದ್ದ. ಅಷ್ಟು ಭಾಷೆ ಬಂದದ್ದರಿಂದಲೇ ತನಗೆ ಈ ನೌಕರಿ ಸಿಕ್ಕಿತೆಂದು ನಂಬಿದ್ದ. ಪಂಚವಟಿಯಲ್ಲಿ ಬಾಡಿಗೆ ಮನೆ. ಮನೆಯಲ್ಲಿ ಹೆಂಡತಿ ಕಾಶಿಬಾಯಿ ಮತ್ತು ಅವನು, ಇಬ್ಬರೇ.

ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ, ಎಸ್‌ಟಿ ಬಸ್ ಸ್ಟ್ಯಾಂಡಿನ ಎದುರಿಗೆ, ಜಯಕರ ಶೆಟ್ಟರ ಹೋಟೆಲಿತ್ತು. ಶೆಟ್ಟರು ಕುಂದಾಪುರದ ಕಡೆಯವರು. ಇವನ ‘ಹೌದ್ರಿ, ಅಲ್ರಿ’ ಕೇಳಿದರೆ ಅವರಿಗೆ ನಗು. ಅವರ ‘ಮಾರಾಯ್ರೆ’ ಕೇಳಿದರೆ ಇವನಿಗೆ ನಗು. ಹುಬ್ಬಳ್ಳಿಯಿಂದ ಎರಡು ದಿನ ತಡವಾಗಿ ಬರುವ ಕನ್ನಡ ಪತ್ರಿಕೆಯನ್ನು ಶೆಟ್ಟರು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಮಡಚಿ ಇಟ್ಟಿರುತ್ತಿದ್ದರು. ಮೊದಲು ಓದುವವನು ವೈಜನಾಥ. ಹಿಂದಿನ ವರ್ಷ ಕಾಶಿಬಾಯಿಗೆ ವಿಷಮಜ್ವರ ಬಂದು ಹಾಸಿಗೆ ಹಿಡಿದಾಗ ಅವಳು ಎದ್ದು ಒಲೆ ಹಚ್ಚುವವರೆಗೂ ಹೋಟೆಲಿನಿಂದ ಗಂಜಿ, ಸಾರಿನ ಕ್ಯಾರಿಯರ್ ತಪ್ಪದೆ ಬಂದಿತ್ತು. ದುಡ್ಡಿನ ಮಾತೆತ್ತಿದಾಗ ಶೆಟ್ಟರು, “ನೀವು ಎಂತ ಮಾರಾಯ್ರೆ, ಈ ಊರಲ್ಲಿ ನನ್ನತ್ರ ಕನ್ನಡ ಮಾತಾಡುದು ನೀವೊಬ್ರು. ನೀವು ಉಪವಾಸ ಬಿದ್ರೆ ನಾನು ಯಾರತ್ರ ಮಾತಾಡ್ಲಿ?” ಎಂದಿದ್ದರು.

ಎಪ್ಪತ್ತೈದರ ಜೂನ್ ಕೊನೆಯಲ್ಲಿ ತುರ್ತುಪರಿಸ್ಥಿತಿ ಬಂತು. ಚಹಾದ ಜೊತೆಗೆ ಸರಕಾರವನ್ನೂ ಸೇರಿಸಿ ಕುಡಿಯುತ್ತಿದ್ದ ಜನ ಹೋಟೆಲಿನಲ್ಲಿ ಮಳೆ, ಈರುಳ್ಳಿ, ಮಗಳ ಮದುವೆ ಅಂತ ಮಾತು ಬದಲಿಸಿದರು. ಮೂಲೆಯ ಮೇಜಿನಲ್ಲಿ ಕೂತು ದೊಡ್ಡ ದನಿಯಲ್ಲಿ ವಾದಿಸುತ್ತಿದ್ದ ಕಾರ್ಮಿಕ ಯೂನಿಯನ್ನಿನ ಮುಂದಾಳು ಒಂದು ದಿನ ಬರಲಿಲ್ಲ. ಅವನ ಜೊತೆಗಾರರನ್ನು ಪೊಲೀಸರು ಹಿಡಿದೊಯ್ದರು. ಅವನು ಮಾತ್ರ ಸಿಗಲಿಲ್ಲ. ಟೆಲಿಫೋನಿನಲ್ಲಿ ಏನೂ ಮಾತಾಡಬೇಡಿ, ಮಧ್ಯೆ ಯಾರೋ ಕೇಳುತ್ತಿರುತ್ತಾರೆ ಎಂದು ಊರಲ್ಲಿ ಸುದ್ದಿ ಹಬ್ಬಿತು. ಕೆಲವರು ಮನೆಯ ಫೋನಿನ ಮೇಲೆ ದಿಂಬು ಇಟ್ಟರಂತೆ. ಅದನ್ನು ಕೇಳಿ ವೈಜನಾಥ ನಕ್ಕಿದ್ದ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ ಸೂಪರ್‌ವೈಸರ್ ಅವನನ್ನು ತನ್ನ ಕೋಣೆಗೆ ಕರೆದ. ಅಲ್ಲಿ ಬುಶ್ ಶರ್ಟ್ ತೊಟ್ಟ ಒಬ್ಬ ಗೃಹಸ್ಥ ಕೂತಿದ್ದ. ಪೊಲೀಸಿನವನು ಅಂತ ಹೇಳುವ ಅಗತ್ಯವಿರಲಿಲ್ಲ. ಸೂಪರ್‌ವೈಸರ್ ತನ್ನ ಕುರ್ಚಿಯನ್ನೇ ಅವನಿಗೆ ಬಿಟ್ಟುಕೊಟ್ಟು ನಿಂತಿದ್ದ.

“ನೀವು ಕಾನಡಿ ಅಲ್ಲವೇ, ವೈಜನಾಥರಾವ್?” ಎಂದು ಆ ಪೊಲೀಸ್ ಸಾಹೇಬ ಮರಾಠಿಯಲ್ಲಿ ಕೇಳಿದ. ಇಷ್ಟು ವರ್ಷದಲ್ಲಿ ಆಫೀಸಿನಲ್ಲಿ ಅವನ ಹೆಸರಿಗೆ ಯಾರೂ ‘ರಾವ್’ ಸೇರಿಸಿರಲಿಲ್ಲ. ಚಹಾ ತರಿಸಿ, ಕುಡಿಯುತ್ತ, ಸಾಹೇಬ ವಿಷಯ ಹೇಳಿದ. ಓಡಿಹೋದ ಯೂನಿಯನ್ ಮುಂದಾಳು ಔರಂಗಾಬಾದಿನಲ್ಲಿ ಅಡಗಿರುವ ಸಂಶಯ. ಎಸ್‌ಟಿ ಸ್ಟ್ಯಾಂಡಿನ ಹೋಟೆಲಿನವನಿಗೆ ಔರಂಗಾಬಾದಿನಲ್ಲಿ ತಂಗಿ ಇದ್ದಾಳೆ. ಮೇಲಿಂದ ಮೇಲೆ ಟ್ರಂಕ್ ಕಾಲ್ ಹೋಗುತ್ತವೆ. ಮಾತೆಲ್ಲ ಕನ್ನಡದಲ್ಲಿ. ನಮ್ಮವರಿಗೆ ಒಂದಕ್ಷರ ತಿಳಿಯುವುದಿಲ್ಲ. ನೀವು ಕೇಳಿ ನಮಗೆ ಮರಾಠಿಯಲ್ಲಿ ಹೇಳಬೇಕು.

“ಇದಕ್ಕೆ ಏನಾದರೂ ಆರ್ಡರ್…” ಎಂದು ವೈಜನಾಥ ಬಾಯಿ ತೆರೆದಾಗ ಸೂಪರ್‌ವೈಸರ್ ಕಣ್ಣು ದೊಡ್ಡದು ಮಾಡಿದ. ವೈಜನಾಥ ಚಹಾದ ಕಪ್ಪನ್ನು ಬಾಯಿಗೆ ಹಚ್ಚಿಕೊಂಡ. ಶೆಟ್ಟರು ಅಂಥವರಲ್ಲ, ಕೇಳಿದರೆ ಅವರ ಮೇಲಿನ ಸಂಶಯವೇ ಹೋಗುತ್ತದೆ, ನಾನು ಮಾಡುವುದು ಅವರಿಗೆ ಉಪಕಾರವೇ ಅಂತ ತನಗೆ ತಾನೇ ಹೇಳಿಕೊಂಡ.

ಅಂದಿನಿಂದ ಶೆಟ್ಟರ ಕಾಲ್ ಬುಕ್ ಆದರೆ ಅದು ವೈಜನಾಥನ ಬೋರ್ಡಿಗೇ ಬರುತ್ತಿತ್ತು. ಲೈನ್ ಜೋಡಿಸಿ ಕೈಬಿಡಬೇಕಾದವನು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಕೂರುತ್ತಿದ್ದ. ಶೆಟ್ಟರ ತಂಗಿಯ ಹೆಸರು ರಾಜೀವಿ. ಅವಳ ಗಂಡ ಮುದ್ದಣ್ಣ ಪೈಠಣ್ ಗೇಟಿನ ಹತ್ತಿರ ಸಣ್ಣ ಹೋಟೆಲು ನಡೆಸುತ್ತಿದ್ದ. ಅವರ ಕುಂದಾಪುರದ ಮಾತು ವೈಜನಾಥನಿಗೆ ಮೊದಮೊದಲು ಸರಿಯಾಗಿ ಹಿಡಿತಕ್ಕೆ ಸಿಗಲಿಲ್ಲ, ಆಮೇಲೆ ಸಿಕ್ಕಿತು. ಊರಿನ ತೆಂಗಿನಕಾಯಿ ಬಂತಾ, ಅತ್ತೆಗೆ ಹೇಗಿದೆ, ಮುದ್ದಣ್ಣನಿಗೆ ಮತ್ತೆ ಸಿಟ್ಟು ಬಂದು ಉಣ್ಣದೆ ಮಲಗಿದ್ದು, ರಾಜೀವಿಗೆ ಹಲ್ಲುನೋವು. ಒಮ್ಮೆ ಅವಳು ಅಣ್ಣನ ಮುಂದೆ ಅತ್ತಳು. ಮದುವೆಯಾಗಿ ಇಷ್ಟು ವರ್ಷವಾದರೂ ಹೊಟ್ಟೆಯಲ್ಲಿ ಒಂದೂ ನಿಲ್ಲಲಿಲ್ಲವೆಂದು. ವೈಜನಾಥ ಅದನ್ನು ಸಾಹೇಬನಿಗೆ ಹೇಳಲಿಲ್ಲ. ಆದರೆ ಹೆಡ್‌ಫೋನನ್ನೂ ತೆಗೆಯಲಿಲ್ಲ.

ಒಂದು ಸಂಜೆ ಹೋಟೆಲಿನಲ್ಲಿ ಪತ್ರಿಕೆ ಓದುತ್ತ ಕೂತವನು ಯೋಚಿಸದೆ ಕೇಳಿಬಿಟ್ಟ: “ನಿಮ್ ತಂಗಿಯವ್ರ ಹಲ್ಲುನೋವು ಈಗ ಹ್ಯಾಂಗದರಿ?”

ಶೆಟ್ಟರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿ ನೋಡಿದರು. “ನಾನು ನಿಮ್ಮತ್ರ ಹೇಳಿದ್ನಾ?”

“ಮೊನ್ನೆ ಅಂದ್ರೆಲ್ರಿ.”

“ಹೇಳಿರ್ಬೇಕು. ನನ್ಗೆ ಈಗೀಗ ಮರೆವು ಜಾಸ್ತಿ ಮಾರಾಯ್ರೆ,” ಎಂದು ಶೆಟ್ಟರು ತಲೆಗೆ ಬೆರಳು ಬಡಿದುಕೊಂಡು ನಕ್ಕರು. ವೈಜನಾಥ ಪತ್ರಿಕೆ ಮಡಚಿಟ್ಟು ಬೇಗ ಎದ್ದ.

ದೀಪಾವಳಿಯ ಮುಂಚೆ ಬಂದ ಒಂದು ಕಾಲ್ ಬೇರೆ ಬಗೆಯದಾಗಿತ್ತು. ರಾಜೀವಿ ದನಿ ತಗ್ಗಿಸಿ ಮಾತಾಡಿದಳು.

“ಅಣ್ಣ, ಗುಳಿಗೆ ಮುಗ್ದ್ ಹೋಯ್ತ್. ಹಿಂದಿನ್ ಸಲದ ಹಾಂಗೇ ಚಾ ಪುಡಿ ಡಬ್ಬಿಯಂಗ್ ಹಾಕಿ ಕಂಡಕ್ಟರನ ಹತ್ರ ಕಳ್ಸ್. ಇಲ್ಲಿ ತಕಂಬುಕೆ ಹೋರೆ ಕೇಂತ್ರ್.”

“ಕಳಸ್ತೆ. ಮೇಲಿದ್ದವ ಹ್ಯಾಂಗಿದ್ದ?”

“ಕಿಟಕಿ ಹತ್ರ ಬತ್ತ, ಎಷ್ಟ್ ಹೇಳ್ರೂ ಕೇಂತಿಲ್ಲ. ಯಾರಿಗಾರೂ ಕಂಡ್ರೆ ನಮ್ ಕತೆ ಮುಗ್ದ್ ಹೋಯ್ತ್. ಯಾರಿಗೂ ಗೊತ್ತಾಪ್ಕಾಗ ಅಣ್ಣ.”

ಆ ದಿನ ಸಾಹೇಬ ತಾನೇ ಬಂದಿದ್ದ. ವೈಜನಾಥ ಕೇಳಿದ್ದನ್ನು ಮರಾಠಿಯಲ್ಲಿ ಒಪ್ಪಿಸಿದ. ಮೇಲಿನ ಕೋಣೆಯಲ್ಲಿ ಒಬ್ಬನಿದ್ದಾನೆ, ಯಾರಿಗೂ ಕಾಣಬಾರದು, ಗೊತ್ತಾಗಬಾರದು. ಗೋಳ್ಯಾ ಮುಗಿದಿವೆ, ಅಲ್ಲಿ ಕೊಳ್ಳಲು ಹೋದರೆ ಪ್ರಶ್ನೆ ಕೇಳುತ್ತಾರೆ, ಚಹಾ ಡಬ್ಬಿಯಲ್ಲಿ ಹಾಕಿ ಬಸ್ ಕಂಡಕ್ಟರನ ಕೈಲಿ ಕಳಿಸಬೇಕು.

ಸಾಹೇಬನ ಪೆನ್ನು ನಿಂತಿತು. ಮರಾಠಿಯಲ್ಲಿ ಗುಳಿಗೆಗೂ ಗೋಳಿ ಎನ್ನುತ್ತಾರೆ, ಬಂದೂಕಿನ ಗುಂಡಿಗೂ ಗೋಳಿ ಎನ್ನುತ್ತಾರೆ.

“ಕಸಲ್ಯಾ ಗೋಳ್ಯಾ?” ಎಂಥ ಗೋಳಿ?

ವೈಜನಾಥನಿಗೆ ಗೊತ್ತಿತ್ತು. ಕನ್ನಡದಲ್ಲಿ ಗುಳಿಗೆ ಎಂದರೆ ಔಷಧ, ಬೇರೆ ಏನೂ ಅಲ್ಲ. ಭಾಲ್ಕಿಯಲ್ಲಾಗಲಿ ಕುಂದಾಪುರದಲ್ಲಾಗಲಿ ಯಾರೂ ಗುಂಡಿಗೆ ಗುಳಿಗೆ ಎನ್ನುವುದಿಲ್ಲ. ‘ಔಷಧದ್ದು’ ಎಂಬ ಒಂದು ಮಾತು ಸಾಕಿತ್ತು. ಆದರೆ ಸಾಹೇಬ ಮುಂದಕ್ಕೆ ಬಾಗಿ ತನ್ನ ಮುಖವನ್ನೇ ನೋಡುತ್ತಿದ್ದ. ಸೂಪರ್‌ವೈಸರ್ ಕೂಡ ನೋಡುತ್ತಿದ್ದ. ಇಷ್ಟು ದಿನ ಹಲ್ಲುನೋವು, ತೆಂಗಿನಕಾಯಿ ಅಂತ ಹೇಳಿ ಹೇಳಿ ಸಾಹೇಬನ ಮುಖದಲ್ಲಿ ಕಂಡ ಬೇಸರ ಈ ಹೊತ್ತು ಇರಲಿಲ್ಲ.

“ಅದನ್ನೇನೂ ಅವರು ಬಿಡಿಸಿ ಹೇಳಲಿಲ್ಲ,” ಎಂದ ವೈಜನಾಥ.

ಸಾಹೇಬ ಅವನ ಭುಜ ತಟ್ಟಿ ಹೊರಟುಹೋದ.

ಮುಂದಿನ ಭಾನುವಾರ ಬೆಳಿಗ್ಗೆ ಜಯಕರ ಶೆಟ್ಟರು ಮನೆಗೇ ಬಂದರು. ಅವರು ಹೋಟೆಲು ಬಿಟ್ಟು ಬಂದದ್ದು ಅದೇ ಮೊದಲು. ಗಡ್ಡ ಬೆಳೆದಿತ್ತು. ಕಾಶಿಬಾಯಿ ಚಾಪೆ ಹಾಸಿ, ನೀರು ಕೊಟ್ಟು, ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ಶೆಟ್ಟರು ನೀರು ಮುಟ್ಟಲಿಲ್ಲ.

“ವೈಜನಾಥರೇ, ನಿಮ್ಮತ್ರ ಹೇಳ್ಳಿಕ್ಕೆ ಏನು ನಾಚ್ಕೆ. ನನ್ಗೊಬ್ಬ ತಮ್ಮ ಇದ್ದಾನೆ, ದೇವದಾಸ. ಅವನಿಗೆ ದೊಡ್ಡ ರೋಗ. ಊರಲ್ಲಿ ಇಟ್ಟುಕೊಳ್ಳಿಕ್ಕೆ ಆಗ್ಲಿಲ್ಲ. ಹೋಟ್ಲು ಇಟ್ಟವರ ಮನೆಯಲ್ಲಿ ಅಂಥದ್ದು ಉಂಟು ಅಂತ ಗೊತ್ತಾದ್ರೆ ಯಾರು ತಿನ್ಲಿಕ್ಕೆ ಬರ್ತಾರೆ? ರಾಜೀವಿ ಮಾಳಿಗೆ ಕೋಣೆಯಲ್ಲಿ ಇಟ್ಟುಕೊಂಡು ನೋಡ್ತಿದ್ಲು. ಅವ ಕೆಳಗೆ ಇಳೀತಿರ್ಲಿಲ್ಲ, ಅಡಿಗೆಮನೆಗೆ ಕಾಲು ಇಟ್ಟವನೇ ಅಲ್ಲ. ಔಷಧ ನಾನು ಇಲ್ಲಿನ ಡಾಕ್ಟರತ್ರ ತಕೊಂಡು ಕಳಿಸ್ತಿದ್ದೆ. ಗುಣ ಆಗ್ತಾ ಉಂಟು, ಬಿಡದೆ ತಕೊಂಡ್ರೆ ಬೆರಳು ಉಳೀತದೆ ಅಂತ ಡಾಕ್ಟರು ಹೇಳಿದ್ರು.”

ಆಮೇಲೆ ನಡೆದದ್ದು ಹೇಳಿದರು. ಮಧ್ಯಾಹ್ನ ಊಟಕ್ಕೆ ಜನ ತುಂಬಿದ್ದ ಹೊತ್ತಿಗೆ ಔರಂಗಾಬಾದಿನ ಹೋಟೆಲಿಗೆ ಪೊಲೀಸರು ಗೋಳ್ಯಾ ಎಲ್ಲಿ, ಬಂದೂಕು ಎಲ್ಲಿ ಎಂದು ಕೂಗುತ್ತ ನುಗ್ಗಿದ್ದರು. ಎಂಜಲೆಲೆ ದಾಟಿಕೊಂಡು ಮೇಲೆ ಹತ್ತಿ, ಕದ ಒದ್ದು, ದೇವದಾಸನನ್ನು ಎಳೆದು ತಂದು ಬೀದಿಯಲ್ಲಿ ನಿಲ್ಲಿಸಿದರು. ಅವನು ಹೊದ್ದ ಚಾದರ ಕಿತ್ತರು. ಅವನ ಕೈ ಹಿಡಿದಿದ್ದ ಪೇದೆ ಬೆರಳು ನೋಡಿದವನೇ ಕೈಬಿಟ್ಟು, ಹೋಟೆಲಿನ ಗೋಡೆಗೆ ತನ್ನ ಅಂಗೈ ಉಜ್ಜಿದ. ಉಣ್ಣುತ್ತಿದ್ದವರು ಎದ್ದು ಬಂದು ನೋಡಿದರು. ಒಬ್ಬ ಅಲ್ಲೇ ವಾಂತಿ ಮಾಡಿಕೊಂಡ. ಚಹಾ ಡಬ್ಬಿ ಒಡೆದು ಮಾತ್ರೆ ನೋಡಿ, ಇವನು ತಾವು ಹುಡುಕುತ್ತಿರುವವನಲ್ಲ ಎಂದು ಪೊಲೀಸರು ಅವನನ್ನು ಅಲ್ಲೇ ಬಿಟ್ಟು ಹೋದರು. ಡಬ್ಬಿ ಮಾತ್ರ ಒಯ್ದರು.

“ಆ ದಿನವೇ ಹೋಟ್ಲು ಮುಗೀತು. ಕೆಲಸದವರೂ ಓಡಿ ಹೋದ್ರು. ಮರುದಿನ ಬೆಳಿಗ್ಗೆ ನೋಡಿದ್ರೆ ದೇವದಾಸನೂ ಇಲ್ಲ. ಎಲ್ಲಿಗೆ ಹೋದ ಅಂತ ಗೊತ್ತಿಲ್ಲ.” ಶೆಟ್ಟರು ವೈಜನಾಥನ ಮೊಣಕಾಲಿನ ಮೇಲೆ ಕೈ ಇಟ್ಟರು. “ಚಹಾ ಡಬ್ಬಿ ವಿಷಯ ನಾನು, ರಾಜೀವಿ ಫೋನಿನಲ್ಲಿ ಬಿಟ್ರೆ ಬೇರೆ ಎಲ್ಲೂ ಆಡಿದ್ದಿಲ್ಲ. ನೀವು ಎಕ್ಸ್‌ಚೇಂಜಿನಲ್ಲಿ ಇರುವವರು. ನನ್ಗೊಂದು ಹೇಳಿ, ಯಾರು ಕೇಳುದು ಅಲ್ಲಿ?”

ವೈಜನಾಥ, “ಈಗ ಮಶೀನ್ ಬಂದಾವ್ರಿ,” ಎಂದ. “ಮುಂಬೈದಿಂದ ತಂದು ಕುಂದ್ರಿಸ್ಯಾರ. ಅದ್ರಾಗ ಎಲ್ಲಾ ರಿಕಾರ್ಡ್ ಆಗ್ತದ. ನಮಗೇನೂ ಗೊತ್ತಾಗಂಗಿಲ್ರಿ.”

“ಹಾಗಾ,” ಎಂದರು ಶೆಟ್ಟರು. “ಮಶೀನಿಗೆ ಬೈದು ಎಂತ ಮಾಡುದು.” ಅವರು ಎದ್ದು, ಚಪ್ಪಲಿ ಹಾಕಿಕೊಂಡು, ಕಾಶಿಬಾಯಿಗೆ ಕೈಮುಗಿದು ಹೋದರು.

ಕಾಶಿಬಾಯಿ ಮುಟ್ಟದೆ ಉಳಿದ ನೀರಿನ ತಂಬಿಗೆ ಎತ್ತಿಕೊಂಡಳು. ಗಂಡನ ಮುಖ ನೋಡದೆ ಕೇಳಿದಳು:

“ಮಶೀನಿಗಿ ಕನ್ನಡ ಬರ್ತದೇನ್ರಿ?”

ಅವನು ಚಾಪೆಯ ಅಂಚು ಮಡಚತೊಡಗಿದ. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

“ಅವರ ಮನಿ ಗಂಜಿ ಕುಡದು ನಾ ಬದುಕೀನಿ,” ಎಂದಳು.

“ನನಗ ಜಬರದಸ್ತಿ ಮಾಡಿದ್ರು. ನೌಕರಿ ಹೋಗ್ತಿತ್ತು.”

“ಹೌದ್ರಿ, ಕೇಳು ಅಂದ್ರು, ಕೇಳಿದ್ರಿ. ಗುಳಿಗಿ ಅಂದ್ರೇನು ಅಂತ ಹೇಳ್ಲಿಕ್ಕ ನಿಮ್ಗ ಯಾರು ಬ್ಯಾಡಂದಿದ್ರು?”

ಆ ಒಂದು ಮಾತಿನ ಕಥೆಯನ್ನು ಅವನು ಅವಳಿಗೆ ಇನ್ನೂ ಹೇಳಿರಲಿಲ್ಲ. ಪೊಲೀಸರು ಗೋಳ್ಯಾ ಕೇಳಿದರೆಂದು ಶೆಟ್ಟರು ಹೇಳಿದ್ದರಿಂದಲೇ ಅವಳು ಊಹಿಸಿ ಆಡಿದ್ದಳು. ಆದರೂ ಅದು ಸರಿಯಾಗಿ ಅಲ್ಲೇ ಹೋಗಿ ತಾಗಿತು. ಅವನು ಗೋಡೆಯ ಕಡೆ ತಿರುಗಿ ಕೂತ. ಅತ್ತರೆ ಹಗುರಾದೀತೆಂದು ನೋಡಿದ, ಅಳು ಬರಲಿಲ್ಲ.

ರಜೆ ಹಾಕಿ ಅವನು ಔರಂಗಾಬಾದಿಗೆ ಹೋದ. ಯೇವಲಾ, ವೈಜಾಪುರ ದಾಟಿ ಹೋಗುವ ಎಸ್‌ಟಿ ಬಸ್ಸಿನಲ್ಲಿ ಉದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿದ. ಪೈಠಣ್ ಗೇಟಿನ ಹತ್ತಿರ ಹೋಟೆಲು ಹುಡುಕುವುದು ಕಷ್ಟವಾಗಲಿಲ್ಲ. ಕೇಳಿದವನೊಬ್ಬ, “ಆ ಮಹಾರೋಗಿಯ ಹೋಟೆಲೇ?” ಎಂದು ಕೈ ಮಾಡಿ ತೋರಿಸಿದ. ಹಲಗೆ ಬಾಗಿಲು ಮುಚ್ಚಿತ್ತು. ಪಕ್ಕದ ಸಂದಿಯ ಬಾಗಿಲು ಬಡಿದಾಗ ಸಣ್ಣ ಮೈಕಟ್ಟಿನ ಹೆಂಗಸೊಬ್ಬಳು ತೆರೆದಳು. ಒಳಗೆ ಮೇಜು, ಬೆಂಚು ಒಂದರ ಮೇಲೊಂದು ಏರಿಸಿದ್ದವು.

“ರಾಜೀವಿ ಬಾಯಾರು ನೀವೇ ಏನ್ರಿ? ನಾ ನಾಸಿಕ್‌ನಿಂದ ಬಂದೀನ್ರಿ.”

ಅವಳ ಮುಖ ಅರಳಿತು. “ನೀವು ಫೋನಿನವರಲ್ವಾ?” ಎಂದಳು. “ನಿಮ್ಮ ಸ್ವರ ನನಗೆ ಗೊತ್ತುಂಟು. ಅಣ್ಣ ಲೈನಿಗೆ ಬರುವ ಮುಂಚೆ ‘ನಾಸಿಕ್‌ನಿಂದ ಕಾಲ್ ಅದರಿ, ಮಾತಾಡ್ರಿ’ ಅಂತ ಹೇಳ್ತಿದ್ರಲ್ಲ? ಬೇರೆಯವರೆಲ್ಲ ಹಿಂದೀಲಿ ಗದರಿಸ್ತಾರೆ. ನಿಮ್ಮ ಸ್ವರ ಕೇಳಿದ್ರೆ ನನಗೆ ಧೈರ್ಯ. ನಮ್ಮ ಭಾಷೆಯವರು ಯಾರೋ ಕೂತಿದ್ದಾರೆ, ಹೆದರ್ಬೇಕಾದ್ದಿಲ್ಲ ಅಂತ. ಬನ್ನಿ ಒಳಗೆ. ಕಾಫಿ ಮಾಡ್ತೇನೆ. ನೀವು ಕುಡಿತೀರಿ ಅಲ್ವಾ, ನಮ್ಮ ಮನೆ ಕಾಫಿ?”

ಆ ಕೊನೆಯ ಪ್ರಶ್ನೆಯನ್ನು ಅವಳು ಎಷ್ಟು ಅಂಜಿ ಕೇಳಿದಳೆಂದರೆ ವೈಜನಾಥ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಅವನು ಹೊಸ್ತಿಲ ಹೊರಗೇ ನಿಂತು ಹೇಳಿದ. ತಾನೇ ಕೇಳಿದ್ದು, ತಾನೇ ಹೇಳಿದ್ದು. ಗೋಳಿ ಎಂದದ್ದು. ಎಂಥ ಗೋಳಿ ಎಂದು ಕೇಳಿದಾಗ ಔಷಧದ್ದೆಂದು ಹೇಳದೆ ಬಿಟ್ಟದ್ದು.

ರಾಜೀವಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ಗುಳಿಗೆ ಅಂದ್ರೆ ನಿಮಗೆ ಗೊತ್ತಿತ್ತಲ್ಲ?”

“ಗೊತ್ತಿತ್ರಿ.”

ಅವಳು ಬೈಯಲಿಲ್ಲ. ಕಣ್ಣು ಎತ್ತಲೋ ನೆಟ್ಟು ಏನನ್ನೋ ನೆನಪಿಸಿಕೊಳ್ಳುತ್ತ ನಿಂತಳು. ತುಟಿ ಸಣ್ಣಗೆ ಅಲ್ಲಾಡುತ್ತಿತ್ತು. ಆಮೇಲೆ ಕೇಳಿದಳು: “ಯಾವಾಗಿನಿಂದ ಕೇಳ್ತಿದ್ರಿ?”

“ಮಳಿಗಾಲ ಮುಗಿಯೋ ಮುಂದಿಂದ.”

“ಹಾಗಾದ್ರೆ ನಾನು ಅತ್ತದ್ದು?”

ಅವನು ತಲೆ ತಗ್ಗಿಸಿದ.

ರಾಜೀವಿ ಸೀರೆಯ ಸೆರಗನ್ನು ಭುಜದ ಸುತ್ತ ಎಳೆದುಕೊಂಡಳು, ಪರಗಂಡಸು ಸ್ನಾನದ ಮನೆಗೆ ಇಣುಕಿದಾಗ ಮಾಡುವ ಹಾಗೆ. “ಅದನ್ನು ನಾನು ಇವರತ್ರವೂ ಹೇಳಿದ್ದಿಲ್ಲ,” ಎಂದಳು. ಬಾಗಿಲು ಮುಚ್ಚಿದಳು. ಜೋರಾಗಿ ಹಾಕಲಿಲ್ಲ. ಒಳಗಿನ ಅಗುಳಿ ಸರಿದ ಸದ್ದು ಮಾತ್ರ ಕೇಳಿಸಿತು.

ಆಮೇಲೆ ಸಾಹೇಬ ಮತ್ತೊಮ್ಮೆ ಬಂದ. ಔರಂಗಾಬಾದಿನ ವಿಷಯಕ್ಕೆ, “ಹಾಗೆಲ್ಲ ಆಗುತ್ತಿರುತ್ತದೆ,” ಎಂದಷ್ಟೇ ಹೇಳಿ ಬೇರೊಂದು ನಂಬರಿನ ಮಾತೆತ್ತಿದ. ಸೋಲಾಪುರದ ಕಡೆಯ ಒಬ್ಬ ಕನ್ನಡ ವಕೀಲರದು. ವೈಜನಾಥ ತನ್ನಿಂದಾಗುವುದಿಲ್ಲ ಎಂದ. ಕಿವಿ ಸರಿಯಾಗಿ ಕೇಳಿಸುತ್ತಿಲ್ಲ ಎಂದು ಕಾರಣ ಕೊಟ್ಟ. ಎದೆ ತಟ್ಟಿ ನಿರಾಕರಿಸುವ ಧೈರ್ಯ ಅಂದೂ ಅವನಿಗೆ ಬರಲಿಲ್ಲ. ಸಾಹೇಬ ನಕ್ಕ. ತಿಂಗಳೊಳಗೆ ವೈಜನಾಥನಿಗೆ ಚಾಂದವಡ್‌ನ ಸಣ್ಣ ಎಕ್ಸ್‌ಚೇಂಜಿಗೆ ವರ್ಗವಾಯಿತು. ವಕೀಲರ ಮಾತನ್ನು ಕೇಳಲು ಇನ್ಯಾರನ್ನೋ ಹುಡುಕಿಕೊಂಡಿರಬೇಕು. ಯಾರನ್ನು ಎಂಬುದು ಅವನಿಗೆ ತಿಳಿಯಲಿಲ್ಲ.

ನಾಸಿಕ್ ಬಿಡುವವರೆಗೂ ಅವನು ಎಸ್‌ಟಿ ಸ್ಟ್ಯಾಂಡಿನ ದಾರಿ ಬಿಟ್ಟು ಸುತ್ತು ಹಾಕಿ ಮನೆಗೆ ಹೋಗುತ್ತಿದ್ದ. ಕಾಶಿಬಾಯಿ ಮೊದಲಿನಂತೆ ಅಡಿಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಆದರೆ ತವರಿನಿಂದ ಯಾರಾದರೂ ಬಂದರೆ ಅವರನ್ನು ಹಿತ್ತಿಲಿಗೆ ಕರೆದೊಯ್ದು ಮಾತಾಡಿಸುತ್ತಿದ್ದಳು. ಅವನು ಹತ್ತಿರ ಬಂದರೆ ಅವರ ಮಾತು ನಿಂತುಬಿಡುತ್ತಿತ್ತು. ಅವನೂ ಮುಂಚೆ ಕೆಮ್ಮಿ ಹೋಗುವುದನ್ನು ರೂಢಿ ಮಾಡಿಕೊಂಡ.

ಎಪ್ಪತ್ತೇಳರ ಚುನಾವಣೆ ಆಯಿತು, ಸರಕಾರ ಬದಲಾಯಿತು. ಓಡಿಹೋಗಿದ್ದ ಯೂನಿಯನ್ ಮುಂದಾಳು ಪುಣೆಯಲ್ಲಿದ್ದನಂತೆ. ಹಾರ ಹಾಕಿಸಿಕೊಂಡು ತಿರುಗಿ ಬಂದ. ಚಾಂದವಡ್‌ನ ಚಹಾದಂಗಡಿಯಲ್ಲಿ ಜನ ಫೋನು ಕದ್ದು ಕೇಳಿದವರನ್ನು ಹೆಸರಿಲ್ಲದೆ ಬೈಯುತ್ತಿದ್ದರು. ಇಂಥವರನ್ನು ಬೀದಿಯಲ್ಲಿ ನಿಲ್ಲಿಸಬೇಕು ಎಂದು ಒಬ್ಬ ಮೇಜು ಗುದ್ದಿ ಹೇಳಿದಾಗ ವೈಜನಾಥನೂ ಹೌದೆಂದು ತಲೆಯಾಡಿಸಿದ. ತಲೆಯಾಡಿಸಿದ್ದು ತಿಳಿದ ಕೂಡಲೆ ಅರ್ಧ ಕುಡಿದ ಚಹಾ ಬಿಟ್ಟು ಎದ್ದುಹೋದ.

ಆ ಬೇಸಿಗೆಯಲ್ಲಿ ಈರುಳ್ಳಿ ಮಾರುಕಟ್ಟೆಯ ಹತ್ತಿರ ಜಯಕರ ಶೆಟ್ಟರು ಎದುರಾದರು. ಹೋಟೆಲಿಗೆ ಈರುಳ್ಳಿ ಕೊಳ್ಳಲು ಟೆಂಪೊ ತಂದಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ತಪ್ಪಿಸಿಕೊಳ್ಳಲು ವೈಜನಾಥನಿಗೆ ಜಾಗವಿರಲಿಲ್ಲ. ಅವನು ಕೈಮುಗಿದ. ಶೆಟ್ಟರು ನಿಂತು ನೋಡಿದರು.

“ಕಾಯ್ ಸಾಹೇಬ, ಬರಂ ಆಹೇ ನಾ?” ಎಂದರು. ಚೆನ್ನಾಗಿದ್ದೀರಾ ಅಂತ, ಮರಾಠಿಯಲ್ಲಿ, ಗಿರಾಕಿಯನ್ನು ಕೇಳುವ ಹಾಗೆ.

“ಶೆಟ್ಟರೇ… ದೇವದಾಸ ಅವ್ರು ಸಿಕ್ರೇನ್ರಿ?”

ಶೆಟ್ಟರು ಮರಾಠಿಯಲ್ಲೇ ಉತ್ತರ ಕೊಟ್ಟರು. ಸಿಕ್ಕ. ವಿದರ್ಭದ ಕಡೆ ಒಂದು ಕುಷ್ಠರೋಗಿಗಳ ಆಶ್ರಮದಲ್ಲಿದ್ದಾನೆ. ನಡುವೆ ಔಷಧ ತಪ್ಪಿದ್ದರಿಂದ ಬಲಗೈ ಬೆರಳು ಮಡಚಿಕೊಂಡಿವೆ. ತಂಗಿ, ಭಾವ ಔರಂಗಾಬಾದು ಬಿಟ್ಟು ಊರಿಗೆ ಹೋದರು. ಎಲ್ಲ ದೇವರ ದಯೆ.

“ನಂದು ತಪ್ಪಾಗ್ಯಾದ್ರಿ,” ಎಂದ ವೈಜನಾಥ. “ನಿಮ್ ಮುಂದ ಸುಳ್ಳು ಹೇಳಿದೆ. ಅವತ್ತೇ ಹೇಳಬೇಕಾಗಿತ್ತು.”

ಶೆಟ್ಟರಿಗೆ ಕನ್ನಡವೇ ಅರ್ಥವಾಗಲಿಲ್ಲವೇನೋ ಎಂಬಂತೆ ಮುಖ ಹಾಗೇ ಇತ್ತು. ಹಮಾಲಿಯವನು ಚೀಲ ಏರಿಸಲೇ ಎಂದು ಕೂಗಿದ. ಶೆಟ್ಟರು ಅವನ ಕಡೆ ತಿರುಗಿ, ಹಸಿ ಈರುಳ್ಳಿ ಕೆಳಗೆ ಹಾಕಬೇಡ, ಒಣಗಿದ್ದು ಮೊದಲು ಏರಿಸು ಎಂದು ಮರಾಠಿಯಲ್ಲಿ ಹೇಳಿದರು. ಆಮೇಲೆ ವೈಜನಾಥನಿಗೆ “ಯೇತೋ,” ಬರುತ್ತೇನೆ, ಎಂದು ತಲೆಬಾಗಿಸಿ ಟೆಂಪೊ ಹತ್ತಿದರು.

ಟೆಂಪೊ ನಾಸಿಕ್ ರಸ್ತೆಗೆ ತಿರುಗಿತು. ವೈಜನಾಥ ಹರಿದ ಚೀಲದಿಂದ ಉದುರಿದ ಈರುಳ್ಳಿಗಳ ಮಧ್ಯೆ ಬಿಸಿಲಿನಲ್ಲಿ ನಿಂತಿದ್ದ. ಹಿಂದಿನಿಂದ ಬಂದ ಎತ್ತಿನ ಗಾಡಿಯವನು, ಅತ್ತ ಸರಿ ಅತ್ತ ಸರಿ ಎಂದು ಎರಡು ಸಲ ಕೂಗಬೇಕಾಯಿತು.